ಎಳೆಯರ ಪಂದ್ಯಕ್ಕೆ ಇಬ್ಬರ ಹಾಯಿದೋಣಿ

ಘಟ್ಟದ ಬುಡದಿಂದ ಕಡಲಿನ ಅಂಚಿನವರೆಗೆ ಹಬ್ಬಿಕೊಂಡಿರುವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೀರಿನ ನಂಟಿಲ್ಲದ ಮನೆ ದೊರೆಯುವುದು ದುರ್ಲಭ. ರಸ್ತೆಗಳೂ ಸೇತುವೆಗಳೂ ಇಲ್ಲದಿದ್ದ ಕಾಲದಲ್ಲಿ ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಗಳ ಮೇಲೆ ಮಂಗಳೂರಿನ ಬಂದರವನ್ನು ಸೇರುತ್ತಿದ್ದಿತೆಂಬುದನ್ನು ಹಿರಿಯರಿಂದ ಕೇಳಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆ ದೋಣಿಗಳು ಹೋದುವು. ದೋಣಿಯ ಬಳಕೆಯೂ ಒಳನಾಡಿನ ಮನೆಗಳಿಂದ ಬಹುಮಟ್ಟಿಗೆ ಹೋಯಿತು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿರುವ ಪುಂಜಾಲಕಟ್ಟೆಯಂತಹ ಊರಿನ ಮಗುವಿಗೆ ಕಡಲು ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿದ್ದರೂ, ಅದು ರಜೆಯ ಸಂಜೆ ನೋಡಿ ಬರತಕ್ಕ ವಸ್ತುವೇ ಹೊರತು, ಕೈಯಿಟ್ಟು ಕಲಿಯತಕ್ಕ ವಿದ್ಯೆಯಾಗಿ ಉಳಿದಿಲ್ಲ. ಹೊಳೆಯ ಗುಂಡಿಗಳಲ್ಲಿ ಎಳೆಯ ಪ್ರಾಣಗಳು ಹೋದ ಸುದ್ದಿಯನ್ನು ವರ್ಷವರ್ಷವೂ ಓದುವ ತಂದೆತಾಯಿಗಳು, ‘ನೀರಿನ ಹತ್ತಿರ ಹೋಗಬೇಡ’ ಎಂದು ಕಟ್ಟಪ್ಪಣೆ ಮಾಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕಾಲವು ಮತ್ತೆ ಹೊರಳುತ್ತಿದೆ. ೨೦೨೨ರಲ್ಲಿ ಪಣಂಬೂರಿನಲ್ಲಿಯೂ, ೨೦೨೪ರಲ್ಲಿ ಸಸಿಹಿತ್ಲುವಿನಲ್ಲಿಯೂ ಇಡೀ ದೇಶದ ತೆರೆಸವಾರಿಯ ಪಂದ್ಯಗಳು ನಡೆದುವು. ಮಂಗಳೂರಿನ ಕಾಲೇಜುಗಳಲ್ಲಿ ಎನ್. ಸಿ. ಸಿ.ಯ ನೌಕಾವಿಭಾಗವನ್ನು ಸೇರಿದ ಹುಡುಗ ಹುಡುಗಿಯರು ಹುಟ್ಟು ಹಾಕುವುದನ್ನೂ ಹಾಯಿ ಏರಿಸುವುದನ್ನೂ ಕಲಿಯುತ್ತಾರೆ. ಹೀಗೆ ಕಲಿತು ಬಂದ ಮಕ್ಕಳು ಮನೆಯಲ್ಲಿ, ‘ನಮ್ಮಿಬ್ಬರಿಗೂ ಪಂದ್ಯದ ಒಂದು ದೋಣಿ ಬೇಕು’ ಎಂದು ಕೇಳಿದಾಗ ಗೃಹಸ್ಥನು ಏನು ಉತ್ತರ ಕೊಡಬೇಕು? ಬೇಡವೆಂದರೆ ಒಂದು ಒಳ್ಳೆಯ ಉತ್ಸಾಹವು ಬಾಡುತ್ತದೆ. ವಿಚಾರಿಸದೆ ಹೂಂ ಎಂದರೆ ಹಣದ ಜೊತೆಗೆ ಮಕ್ಕಳ ಧೈರ್ಯವೂ ನೀರುಪಾಲಾಗುವ ಸಂಭವವುಂಟು. ಆದುದರಿಂದ ಈ ವಿಷಯವನ್ನು ನಾಲ್ಕು ಜನ ಬಲ್ಲ ಮಾತುಗಳಲ್ಲಿ ಇಲ್ಲಿ ವಿವರಿಸಲು ಬಯಸುತ್ತೇವೆ.

ಇಬ್ಬರ ದೋಣಿ ಏತಕ್ಕೆ?

ಹಾಯಿದೋಣಿಯ ಮೊದಲ ಪಾಠವನ್ನು ಮಕ್ಕಳು ಸಾಮಾನ್ಯವಾಗಿ ಆಪ್ಟಿಮಿಸ್ಟ್ ಎಂಬ ಒಬ್ಬರ ದೋಣಿಯಲ್ಲಿ ಕಲಿಯುತ್ತಾರೆ. ೧೯೪೭ರಲ್ಲಿ ಅಮೇರಿಕದ ಫ್ಲಾರಿಡಾ ಪ್ರಾಂತದ ಕ್ಲಾರ್ಕ್ ಮಿಲ್ಸ್ ಎಂಬಾತನು ರೂಪಿಸಿದ ಈ ದೋಣಿಯು ೨.೩ ಮೀಟರು ಉದ್ದ, ೩೫ ಕಿಲೋ ತೂಕದ ಒಂದು ಪೆಟ್ಟಿಗೆಯಂತಿದೆ. ಹದಿನೈದು ವರ್ಷದವರೆಗಿನ ಮಕ್ಕಳಿಗೆ ಮಾತ್ರ ಇದರ ಪಂದ್ಯ. ಇದರಲ್ಲಿ ಮಗುವು ತಾನೇ ರಾಜ, ತಾನೇ ಮಂತ್ರಿ. ಆದರೆ ಅಲ್ಲಿ ಒಂಟಿತನವೂ ಉಂಟು. ಗಾಳಿ ಜೋರಾದಾಗ ಅಂಜಿಕೆಯನ್ನು ಹಂಚಿಕೊಳ್ಳುವವರಿಲ್ಲ. ಗೆದ್ದಾಗ ಸಂತೋಷವನ್ನು ಹಂಚಿಕೊಳ್ಳುವವರೂ ಇಲ್ಲ.

ಇಬ್ಬರ ದೋಣಿಯಲ್ಲಿ ಕೆಲಸವು ಎರಡು ಪಾಲಾಗುತ್ತದೆ. ಹಿಂದೆ ಕುಳಿತವನು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿಯುತ್ತಾನೆ. ಮುಂದಿನ ಜೊತೆಗಾರನು ಜಿಬ್ ಎಂಬ ಮುಂಗಡೆಯ ಸಣ್ಣ ಹಾಯಿಯನ್ನು ನೋಡಿಕೊಂಡು, ಗಾಳಿ ಬರುವ ಕಡೆಗೆ ಮೈಚೆಲ್ಲಿ ದೋಣಿಯನ್ನು ಸಮನಾಗಿ ನಿಲ್ಲಿಸುತ್ತಾನೆ. ಎದುರಾಳಿಗಳು ಎಲ್ಲಿದ್ದಾರೆ, ಗಾಳಿಯ ಹೊಸ ಬೀಸು ಯಾವ ಕಡೆಯಿಂದ ನೀರನ್ನು ಕಪ್ಪಾಗಿಸುತ್ತ ಬರುತ್ತಿದೆ ಎಂಬುದನ್ನು ಕ್ಷಣಕ್ಷಣವೂ ಹೇಳುತ್ತಿರಬೇಕಾದವನೂ ಅವನೇ. ಇವನ ಮಾತನ್ನು ಅವನು ನಂಬಬೇಕು; ಅವನ ಕೈಯನ್ನು ಇವನು ನಂಬಬೇಕು. ಮನೆಯ ಅಂಗಳದಲ್ಲಿ ಜಗಳಾಡುವ ಅಣ್ಣತಮ್ಮಂದಿರು ನೀರಿನ ನಡುವೆ ಜಗಳಾಡಿದರೆ ಒಂದು ನಿಮಿಷದೊಳಗೆ ಇಬ್ಬರೂ ಒದ್ದೆಯಾಗುತ್ತಾರೆ. ಇಂತಹ ಪಾಠವನ್ನು ಯಾವ ಪುಸ್ತಕವೂ ಇಷ್ಟು ಬೇಗನೆ ಕಲಿಸಲಾರದು.

ನಮ್ಮ ದೇಶದ ಹಾಯಿಗಾರರು ಗಳಿಸಿದ ಕೀರ್ತಿಯಲ್ಲಿಯೂ ಜೋಡಿಗಳ ಪಾಲು ದೊಡ್ಡದು. ೧೯೮೨ರ ಏಷ್ಯನ್ ಕ್ರೀಡೆಗಳ ಹಾಯಿಪಂದ್ಯವು ಮುಂಬಯಿಯಲ್ಲಿ ನಡೆದಾಗ, ಫರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಎಂಬ ಜೋಡಿಯು ಫೈರ್‌ಬಾಲ್ ಎಂಬ ಇಬ್ಬರ ದೋಣಿಯಲ್ಲಿ ಚಿನ್ನದ ಪದಕವನ್ನು ಗೆದ್ದಿತು. ೨೦೧೪ರಲ್ಲಿ ಇಂಚಿಯಾನಿನಲ್ಲಿ ಐಶ್ವರ್ಯಾ ನೆಡುಂಚೆಳಿಯನ್ ಮತ್ತು ವರ್ಷಾ ಗೌತಮ್ ಎಂಬ ಹುಡುಗಿಯರು ಟ್ವೆಂಟಿ-ನೈನರ್ ದೋಣಿಯಲ್ಲಿ ಕಂಚನ್ನು ತಂದರು. ಅದೇ ವರ್ಷಾ ಗೌತಮ್, ಶ್ವೇತಾ ಶೇರ್ವೇಗಾರ್ ಅವರ ಜೊತೆಗೂಡಿ ೨೦೧೮ರ ಕ್ರೀಡೆಗಳಲ್ಲಿ ಅದಕ್ಕಿಂತ ದೊಡ್ಡದಾದ ಫಾರ್ಟಿ-ನೈನರ್ ಎಫ್‌ಎಕ್ಸ್ ದೋಣಿಯಲ್ಲಿ ಬೆಳ್ಳಿಯನ್ನು ಗೆದ್ದರು. ಅದೇ ವರ್ಷ ಗಂಡಸರ ಫಾರ್ಟಿ-ನೈನರ್ ಪಂದ್ಯದಲ್ಲಿ ವರುಣ್ ಠಕ್ಕರ್ ಅವರೊಡನೆ ಕಂಚನ್ನು ಪಡೆದ ಕೆ. ಸಿ. ಗಣಪತಿಯವರು ಕೊಡಗಿನ ಮೂಲದವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತು. ಈ ಜೋಡಿಯು ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ದೇಶದ ಪರವಾಗಿ ಹಾಯಿ ಏರಿಸಿತು. ಇವರಲ್ಲಿ ಯಾರೂ ದೊಡ್ಡ ದೋಣಿಯಿಂದ ಆರಂಭಿಸಿದವರಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿದವರು. ದೋಣಿಯನ್ನು ಆರಿಸುವುದೆಂದರೆ ಮಕ್ಕಳು ಈಗ ಯಾವ ಮೆಟ್ಟಿಲಲ್ಲಿದ್ದಾರೆಂದು ತಿಳಿಯುವುದೇ ಆಗಿದೆ.

ವರ್ಗವೆಂದರೇನು?

ಪಂದ್ಯದ ದೋಣಿಗಳ ಮಾತು ಬಂದಾಗಲೆಲ್ಲ ‘ಕ್ಲಾಸ್’ ಅಥವಾ ವರ್ಗವೆಂಬ ಶಬ್ದವು ಕಿವಿಗೆ ಬೀಳುವುದು. ತುಳುನಾಡಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೊಕ್ಕಾಡಿಗೋಳಿಯಲ್ಲಾಗಲಿ, ವೇಣೂರಿನಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ ಜೋಡುಕರೆ ಕಂಬಳವನ್ನು ನೋಡಿದವರು ಬಲ್ಲರು: ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂದು ವಿಭಾಗಗಳು ಬೇರೆ, ಹಗ್ಗ ನೇಗಿಲುಗಳಲ್ಲಿಯೂ ಹಿರಿಯ ಕಿರಿಯವೆಂಬ ಭೇದವುಂಟು. ಕಿರಿಯ ವಿಭಾಗದ ಕೋಣಗಳನ್ನು ಹಿರಿಯ ವಿಭಾಗದವುಗಳ ಎದುರು ಓಡಿಸಿ, ಸೋತುವೆಂದು ಯಾರೂ ಹಳಿಯುವುದಿಲ್ಲ. ದೋಣಿಯ ವರ್ಗವೂ ಇಂತಹುದೇ. ಒಂದು ವರ್ಗದ ದೋಣಿಗಳೆಲ್ಲವೂ ಉದ್ದ, ತೂಕ, ಹಾಯಿಯ ಅಳತೆಗಳಲ್ಲಿ ಒಂದೇ ನಿಯಮಕ್ಕೆ ಒಳಪಟ್ಟಿರುತ್ತವೆ. ಹೀಗಾಗಿ ಗೆಲುವು ಹಣದ ಚೀಲಕ್ಕಲ್ಲದೆ ಕೈಚಳಕಕ್ಕೆ ಸಲ್ಲುವುದು.

ಇದರಿಂದ ಹೊರಡುವ ಮೊದಲ ನಿಯಮವನ್ನು ಗೃಹಸ್ಥರು ಚೆನ್ನಾಗಿ ನೆನಪಿಡತಕ್ಕದ್ದು. ಮಕ್ಕಳು ಯಾವ ನೀರಿನಲ್ಲಿ ಆಡುವರೋ ಅಲ್ಲಿ ಈಗಾಗಲೇ ಇರುವ ವರ್ಗವೇ ಅವರಿಗೆ ಉತ್ತಮವಾದ ವರ್ಗ. ಜಗತ್ತಿನಲ್ಲಿಯೇ ಶ್ರೇಷ್ಠವಾದ ದೋಣಿಯನ್ನು ತಂದು ನಿಲ್ಲಿಸಿದರೂ, ಅದರ ಜೊತೆಗೆ ಓಡುವ ಇನ್ನೊಂದು ಅಲ್ಲಿಲ್ಲವಾದರೆ ಅದು ಒಂಟಿ ಕೋಣದ ಕಂಬಳವೇ ಸರಿ. ಬೇರೆ ಬೇರೆ ವರ್ಗಗಳ ದೋಣಿಗಳನ್ನು ಒಟ್ಟಿಗೆ ಬಿಟ್ಟು, ಪ್ರತಿಯೊಂದರ ಕಾಲವನ್ನು ಒಂದು ಗುಣಕದಿಂದ ಸರಿದೂಗಿಸುವ ಪದ್ಧತಿಯೇನೋ ಉಂಟು. ಆದರೆ ಪಕ್ಕದಲ್ಲಿಯೇ ಸರಿಸಮನಾಗಿ ಸಾಗುವ ದೋಣಿಯನ್ನು ಒಂದು ಮೊಳದಿಂದ ಹಿಂದೆ ಹಾಕುವ ರುಚಿಯು ಲೆಕ್ಕದ ಕಾಗದದಿಂದ ಬರುವುದಿಲ್ಲ. ಎಳೆಯರಿಗಂತೂ ಬರುವುದೇ ಇಲ್ಲ.

ಮೊದಲು ಜೋಡಿ, ಆಮೇಲೆ ದೋಣಿ

ಎರಡನೆಯದಾಗಿ ನೋಡಬೇಕಾದುದು ಇಬ್ಬರು ಮಕ್ಕಳ ತೂಕವನ್ನು. ಹಾಯಿಯು ಗಾಳಿಯ ಬಲದಿಂದ ದೋಣಿಯನ್ನು ಒಂದು ಕಡೆಗೆ ಒರಗಿಸುತ್ತದೆ. ಇನ್ನೊಂದು ಕಡೆಯಿಂದ ಅದನ್ನು ತಡೆದು ನಿಲ್ಲಿಸುವುದು ಮಕ್ಕಳ ಮೈಭಾರವೊಂದೇ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಸರಿದೂಗಬೇಕು. ೪೨ ಕಿಲೋದ ತಂಗಿಯೂ ೫೦ ಕಿಲೋದ ಅಣ್ಣನೂ ಕೂಡಿದರೆ ೯೨ ಕಿಲೋ ಆಯಿತು. ಇವರನ್ನು ದೊಡ್ಡ ಹಾಯಿಯ ದೋಣಿಯಲ್ಲಿ ಕುಳ್ಳಿರಿಸಿದರೆ, ನಡುತರದ ಗಾಳಿಗೇ ಹಾಯಿಯನ್ನು ಸಡಿಲಿಸಿ ಗಾಳಿಯನ್ನು ಸೋರಬಿಡುವುದೇ ಅವರ ಕೆಲಸವಾಗುತ್ತದೆ. ಓಟವಿಲ್ಲ, ಬರಿಯ ಹೋರಾಟ. ಅದಕ್ಕೆ ಬದಲಾಗಿ ೭೦ ಕಿಲೋದ ಇಬ್ಬರು ಯುವಕರನ್ನು ಮಕ್ಕಳ ದೋಣಿಯಲ್ಲಿ ಕೂರಿಸಿದರೆ, ಅದು ನೀರಿನೊಳಗೆ ಕುಸಿದು ಎಮ್ಮೆಯಂತೆ ಮಲಗುತ್ತದೆ. ಹಗುರವಾದ ಪಂದ್ಯದ ದೋಣಿಯ ಸೊಬಗೆಲ್ಲ ಅದು ತಕ್ಕ ಗಾಳಿಯಲ್ಲಿ ನೀರನ್ನು ಸೀಳುವುದನ್ನು ಬಿಟ್ಟು, ನೀರಿನ ಮೇಲೆ ಜಾರತೊಡಗುವುದರಲ್ಲಿದೆ. ಭಾರ ಹೆಚ್ಚಾದರೆ ಆ ಜಾರುವಿಕೆಯೇ ಬರಲೊಲ್ಲದು.

ಇದರೊಡನೆ ಬೆಳವಣಿಗೆಯ ಲೆಕ್ಕವನ್ನೂ ಹಾಕಬೇಕು. ಹದಿಮೂರರಿಂದ ಹದಿನಾರರೊಳಗೆ ಮಕ್ಕಳು ಅಂಗಿಗಳನ್ನು ಮೀರಿ ಬೆಳೆಯುವಂತೆ ದೋಣಿಗಳನ್ನೂ ಮೀರಿ ಬೆಳೆಯುತ್ತಾರೆ. ‘ಮುಂದಕ್ಕೂ ಆಗುತ್ತದೆ’ ಎಂದು ದೊಡ್ಡ ಅಳತೆಯ ಅಂಗಿಯನ್ನು ಹೊಲಿಸುವ ಜಾಣತನವು ನಮ್ಮ ಮನೆಗಳಲ್ಲಿ ಹಳೆಯದು. ಅಂಗಿಯ ಮಟ್ಟಿಗೆ ಅದು ಸರಿ, ದೋಣಿಯ ಮಟ್ಟಿಗೆ ಅಪಾಯ. ದೊಡ್ಡ ಅಂಗಿಯು ಮಗುವನ್ನು ಮುಳುಗಿಸುವುದಿಲ್ಲವಷ್ಟೆ!

ಜೋಡಿಯ ಮನಸ್ಸನ್ನೂ ನೋಡತಕ್ಕದ್ದು. ಹಿರಿಯನೇ ಯಾವಾಗಲೂ ಚುಕ್ಕಾಣಿಯನ್ನು ಹಿಡಿದು, ಕಿರಿಯವನು ಯಾವಾಗಲೂ ಹಗ್ಗವನ್ನೇ ಎಳೆಯುತ್ತಿದ್ದರೆ, ಒಂದೆರಡು ತಿಂಗಳಲ್ಲಿ ಕಿರಿಯವನು ದೋಣಿಯ ಹೆಸರನ್ನೆತ್ತಿದರೆ ಮುಖ ತಿರುಗಿಸುತ್ತಾನೆ. ಕಲಿಯುವ ವರ್ಷಗಳಲ್ಲಿ ಸ್ಥಾನಗಳನ್ನು ಅದಲುಬದಲು ಮಾಡಿಸುವುದು ಹಿರಿಯರ ಕರ್ತವ್ಯ. ತಂತಿಯಲ್ಲಿ ನೇತು ಮೈಚೆಲ್ಲುವ ದೊಡ್ಡ ದೋಣಿಗಳಲ್ಲಿ ಉದ್ದವೂ ಭಾರವೂ ಉಳ್ಳವನು ಮುಂದೆ, ಹಗುರನಾದವನು ಚುಕ್ಕಾಣಿಯಲ್ಲಿ ಎಂಬುದು ರೂಢಿ; ಆದುದರಿಂದ ಅಲ್ಲಿ ತಮ್ಮನೋ ತಂಗಿಯೋ ನಾಯಕರಾಗುವ ಸಂದರ್ಭವೂ ಬರುವುದು. ಅದನ್ನು ನಗುತ್ತ ಒಪ್ಪಿಕೊಳ್ಳುವ ಅಣ್ಣನಿದ್ದರೆ ಆ ಜೋಡಿಯು ಮುಂದೆ ಬರುತ್ತದೆ.

ನೀರು ಮತ್ತು ಗಾಳಿ

ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಮೂಲ್ಕಿಯಲ್ಲಿ ಶಾಂಭವಿಯೂ ನಂದಿನಿಯೂ ಹಾಗೆಯೇ ಕೂಡುತ್ತವೆ. ಅಳಿವೆಯ ಒಳಗಿನ ಅಗಲವಾದ ನೀರು ನೋಡುವುದಕ್ಕೆ ಶಾಂತ. ಆದರೆ ಅಲ್ಲಿ ಭರತ ಇಳಿತಗಳ ಸೆಳೆತವುಂಟು, ಮರಳಿನ ದಿಣ್ಣೆಗಳುಂಟು. ಮಂಗಳೂರಿನ ಬಂದರದ ಹತ್ತಿರ ಮೀನುಗಾರಿಕೆಯ ಯಂತ್ರದೋಣಿಗಳ ಸಂಚಾರವೂ ದಟ್ಟವಾಗಿರುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಮುಂಜಾನೆ ನೆಲದ ಕಡೆಯಿಂದ ತೆಳುವಾದ ಗಾಳಿಯೂ, ಮಧ್ಯಾಹ್ನವಾಗುತ್ತಲೇ ಕಡಲಿನ ಕಡೆಯಿಂದ ಬಿರುಸಾದ ಗಾಳಿಯೂ ಬೀಸುವುದು. ಕಲಿಯುವವರಿಗೆ ಬೆಳಗಿನ ಹೊತ್ತೇ ಮೇಲು. ಮಳೆಗಾಲದ ಮಾತನ್ನು ಆಡಲೇಬಾರದು. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಂತ್ರದೋಣಿಗಳ ಮೀನುಗಾರಿಕೆಯೇ ನಮ್ಮ ಕರಾವಳಿಯಲ್ಲಿ ನಿಷಿದ್ಧ. ಮೀನಿನ ಸಂತಾನವು ಬೆಳೆಯಲೆಂಬುದು ಅದರ ಉದ್ದೇಶವಾದರೂ, ಅದೇ ದಿನಗಳಲ್ಲಿ ಕಡಲೂ ತುಂಬಿದ ಹೊಳೆಗಳೂ ಹಾಯಿ ಕಟ್ಟುವ ಮಕ್ಕಳಿಗೆ ತಕ್ಕವಲ್ಲವೆಂಬುದನ್ನು ಕರಾವಳಿಯ ಯಾವ ಮುದುಕನಾದರೂ ಹೇಳಿಯಾನು.

ಘಟ್ಟದ ಮೇಲೆ ಸ್ಥಿತಿ ಬೇರೆ. ಮೈಸೂರಿನ ಹತ್ತಿರ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ಬು ಇದೆ. ಅಲ್ಲಿ ಮುಂಗಾರಿನ ಗಾಳಿಯೇ ಹಾಯಿಗೆ ಸುಗ್ಗಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗುಂಪಿನವರ ತೃಷ್ಣಾ ಸೇಲಿಂಗ್ ಕ್ಲಬ್ಬು ಇದೆ. ೧೯೮೫ರಿಂದ ೧೯೮೭ರ ವರೆಗೆ ಸೈನ್ಯದ ಎಂಜಿನಿಯರುಗಳು ಭೂಮಿಯನ್ನು ಸುತ್ತಿಬಂದ ಹಾಯಿನೌಕೆಯ ಹೆಸರೂ ‘ತೃಷ್ಣಾ’ ಎಂದೇ. ಕೆರೆಯಲ್ಲಿ ಗಾಳಿ ತೆಳುವು, ಕ್ಷಣಕ್ಕೊಂದು ದಿಕ್ಕು. ಅಲ್ಲಿ ಹಗುರವಾದ ದೋಣಿಯೇ ಸೊಗಸು. ಕಡಲಿಲ್ಲದ ನಾಡಿನವರಿಂದ ಈ ವಿದ್ಯೆ ಆಗದೆಂದು ತಿಳಿಯುವುದು ತಪ್ಪು. ೨೦೨೩ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಒಬ್ಬರ ದೋಣಿಯಲ್ಲಿ ಬೆಳ್ಳಿಯನ್ನು ಗೆದ್ದ ನೇಹಾ ಠಾಕುರ್, ಮಧ್ಯಪ್ರದೇಶದ ದೇವಾಸ್ ಸೀಮೆಯ ರೈತನ ಮಗಳು. ಕಲಿತದ್ದು ಭೋಪಾಲದ ಕೆರೆಯ ಮೇಲೆ.

ಕೆಲವು ದೋಣಿಗಳ ಪರಿಚಯ

ಎಳೆಯರ ಇಬ್ಬರ ದೋಣಿಗಳಲ್ಲಿ ಹಳೆಯದೂ ಇಂದಿಗೂ ಗೌರವವನ್ನು ಉಳಿಸಿಕೊಂಡದ್ದೂ ಕೆಡೆಟ್. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಎಂಬ ಕುಶಲಿಯು ೧೯೪೭ರಲ್ಲಿ, ‘ಯಾಟಿಂಗ್ ವರ್ಲ್ಡ್’ ಎಂಬ ಮಾಸಪತ್ರಿಕೆಯ ಪ್ರೇರಣೆಯಿಂದ, ಮಕ್ಕಳಿಗೆಂದೇ ಇದನ್ನು ರೂಪಿಸಿದನು. ಉದ್ದ ೩.೨೨ ಮೀಟರು, ಒಡಲಿನ ತೂಕ ೫೪ ಕಿಲೋ, ಮೂತಿ ಮೊಂಡು. ಹಾಯಿಗಳು ಸಣ್ಣವು, ಆದರೂ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಓಡುವಾಗ ಬಿಡಿಸುವ ಸ್ಪಿನೇಕರ್ ಎಂಬ ಉಬ್ಬುಹಾಯಿಯೂ ಇದಕ್ಕುಂಟು. ದೊಡ್ಡ ದೋಣಿಯಲ್ಲಿರುವ ಬಹುಪಾಲು ವಿದ್ಯೆಯು ಇದರಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಂತಿದೆ. ಹದಿನಾರರ ಅಕ್ಕ ಚುಕ್ಕಾಣಿಯಲ್ಲಿಯೂ, ಹತ್ತರ ತಮ್ಮ ಮುಂದೆಯೂ ಕುಳಿತು ಸಮಸಮನಾಗಿ ಪಂದ್ಯವಾಡಬಹುದಾದ ದೋಣಿ ಇದಕ್ಕಿಂತ ಬೇರೊಂದಿಲ್ಲವೆಂದರೂ ಸಲ್ಲುವುದು.

ಅದೇ ಹೋಲ್ಟನು ಬ್ಯಾರಿ ಬಕ್ನೆಲ್ ಎಂಬಾತನೊಡನೆ ೧೯೬೨ರಲ್ಲಿ ರೂಪಿಸಿದ ಮಿರರ್ ಎಂಬ ದೋಣಿಯು ‘ಡೈಲಿ ಮಿರರ್’ ಎಂಬ ದಿನಪತ್ರಿಕೆಯ ಹೆಸರನ್ನು ಹೊತ್ತಿದೆ. ಪ್ಲೈವುಡ್ಡಿನ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನೂಲಿನ ಪಟ್ಟಿಯನ್ನು ಅಂಟಿಸಿ ಮನೆಯ ಜಗಲಿಯಲ್ಲಿಯೇ ಕಟ್ಟಬಹುದಾದ ದೋಣಿಯಿದು. ಮರಗೆಲಸದಲ್ಲಿ ಕೈಯುಳ್ಳ ತಂದೆಗೂ ಮಕ್ಕಳಿಗೂ ಇದು ಒಂದು ಬೇಸಗೆಯ ರಜೆಯ ಸಹಕೆಲಸವಾದೀತು. ಆದರೆ ಪಂದ್ಯಕ್ಕೆಂದು ಕಟ್ಟುವ ಮೊದಲು ಹತ್ತಿರದಲ್ಲಿ ಇದರ ಗುಂಪಿದೆಯೇ ಎಂದು ವಿಚಾರಿಸತಕ್ಕದ್ದು.

ಮೂರನೆಯದು ಎಂಟರ್‌ಪ್ರೈಸ್. ಇದೂ ಹೋಲ್ಟನದೇ, ೧೯೫೬ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ಆಶ್ರಯದಲ್ಲಿ ಹೊರಬಂದಿತು. ಉದ್ದ ೪.೦೪ ಮೀಟರು, ತೂಕ ೯೦ ಕಿಲೋದ ಆಸುಪಾಸು, ಹಾಯಿಗಳು ನೀಲಿ. ಇದಕ್ಕೆ ಉಬ್ಬುಹಾಯಿಯೂ ಇಲ್ಲ, ನೇತುನಿಲ್ಲುವ ತಂತಿಯೂ ಇಲ್ಲ. ಅದೇ ಇದರ ಗುಣ. ಎರಡು ಹಾಯಿ, ಒಂದು ಚುಕ್ಕಾಣಿ, ಇಬ್ಬರ ಬುದ್ಧಿ, ಇಷ್ಟೇ ಬಂಡವಾಳ. ನಮ್ಮ ದೇಶದಲ್ಲಿ ಸೈನ್ಯದವರೂ ನೌಕಾಪಡೆಯವರೂ ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಒಡಿಶಾದ ಚಿಲ್ಕಾದಲ್ಲಿ ನಡೆಯುವ ಎನ್. ಸಿ. ಸಿ.ಯ ಅಖಿಲ ಭಾರತ ಹಾಯಿಪಂದ್ಯದಲ್ಲಿ ಇದು ಪರಿಚಿತವಾದ ವರ್ಗ. ಇಬ್ಬರೂ ಬೆಳೆದು ಕಾಲೇಜಿನ ಹೊಸ್ತಿಲಿಗೆ ಬಂದಿದ್ದರೆ, ನಮ್ಮ ಕಡೆಯ ಯುವಕರ ಕೈಗೆ ಎಲ್ಲಕ್ಕಿಂತ ಮೊದಲು ಸಿಗುವ ಪಂದ್ಯದ ದೋಣಿಯು ಪ್ರಾಯಶಃ ಇದೇ ಆಗಿರುತ್ತದೆ.

ಹೊಸ ಕಾಲದ ಮಕ್ಕಳ ದೋಣಿಗಳಲ್ಲಿ ಆರ್‌ಎಸ್ ಫೀವಾ ಹೆಸರಾದದ್ದು. ೨೦೦೨ರಲ್ಲಿ ಬಂದ ಇದರ ಉದ್ದ ೩.೬೪ ಮೀಟರು, ತೂಕ ೬೩ ಕಿಲೋ. ಒಡಲು ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನದು. ಕಲ್ಲಿಗೆ ಬಡಿದರೂ ಬೇಗನೆ ಒಡೆಯದು. ಮೂತಿಯಿಂದ ಹೊರಚಾಚುವ ಒಂದು ಕೋಲಿನ ತುದಿಗೆ ಉಬ್ಬುಹಾಯಿಯನ್ನು ಏರಿಸುತ್ತಾರೆ. ಹನ್ನೆರಡು ಹದಿಮೂರರ ಇಬ್ಬರು ಮಕ್ಕಳಿಗೆ, ಇಲ್ಲವೆ ಒಂದು ಮಗುವಿಗೂ ಅದರ ತಂದೆಗೂ ತಾಯಿಗೂ ಇದು ಒಪ್ಪುವುದು.

ಇನ್ನು ಮೇಲಿನ ಮೆಟ್ಟಿಲಿನವು ಎರಡು. ಫೋರ್-ಟ್ವೆಂಟಿ ಎಂಬುದನ್ನು ಫ್ರಾನ್ಸಿನ ಕ್ರಿಶ್ಚಿಯನ್ ಮೋರಿ ೧೯೫೯ರಲ್ಲಿ ರೂಪಿಸಿದನು. ೪೨೦ ಸೆಂಟಿಮೀಟರು ಉದ್ದವಿರುವುದರಿಂದಲೇ ಆ ಹೆಸರು. ತೂಕ ೮೦ ಕಿಲೋ. ಇದರಲ್ಲಿ ಜೊತೆಗಾರನು ಹಾಯಿಮರದಿಂದ ಇಳಿಬಿಟ್ಟ ತಂತಿಗೆ ಸೊಂಟಪಟ್ಟಿಯನ್ನು ಸಿಕ್ಕಿಸಿ, ದೋಣಿಯ ಅಂಚಿನ ಮೇಲೆ ಕಾಲೂರಿ, ನೀರಿನ ಮೇಲೆ ಇಡಿಯ ಮೈಯನ್ನು ಚಾಚಿ ನಿಲ್ಲುತ್ತಾನೆ. ಈ ತಂತಿಗೆ ಟ್ರಪೀಜ್ ಎಂದು ಹೆಸರು. ಇದರ ದೊಡ್ಡಣ್ಣನಾದ ಫೋರ್-ಸೆವೆಂಟಿಯು ೧೯೭೬ರಿಂದ ಒಲಿಂಪಿಕ್ಸಿನಲ್ಲಿದೆ. ೨೦೨೪ರ ಪ್ಯಾರಿಸ್ ಕ್ರೀಡೆಗಳಿಂದ ಅದರಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಕೂಡಿಯೇ ಸ್ಪರ್ಧಿಸಬೇಕೆಂಬ ನಿಯಮವಾಗಿದೆ. ಇನ್ನೊಂದು ಟ್ವೆಂಟಿ-ನೈನರ್, ಆಸ್ಟ್ರೇಲಿಯದ ಜೂಲಿಯನ್ ಬೆತ್‌ವೇಟನು ರೂಪಿಸಿದ ಇದು ೧೯೯೮ರ ಸುಮಾರಿಗೆ ಬಂದಿತು. ೪.೪೫ ಮೀಟರು ಉದ್ದವಿದ್ದರೂ ಒಡಲಿನ ತೂಕ ೭೪ ಕಿಲೋ ಮಾತ್ರ; ಹಾಯಿ ದೊಡ್ಡದು; ಓಟವೂ ಮಗುಚುವುದೂ ಎರಡೂ ಬಹಳ ಚುರುಕು. ಈ ಎರಡರಲ್ಲಿಯೂ ಇಬ್ಬರ ತೂಕ ಕೂಡಿ ಸುಮಾರು ೧೧೦ರಿಂದ ೧೩೦ ಕಿಲೋ ಇದ್ದರೆ ಚೆನ್ನ. ನಿಧಾನವಾಗಿ, ಲೆಕ್ಕಹಾಕಿ ಆಡುವ ಜೋಡಿಗೆ ಫೋರ್-ಟ್ವೆಂಟಿ. ಮೈಬಾಗುವ ವೇಗವನ್ನೂ ಸಾಹಸವನ್ನೂ ಬಯಸುವ, ಮುಂದೆ ಫಾರ್ಟಿ-ನೈನರಿನ ಕನಸುಳ್ಳ ಜೋಡಿಗೆ ಟ್ವೆಂಟಿ-ನೈನರ್. ಹೊಸಬರಿಗೆ ಎರಡೂ ಅಲ್ಲ. ಹೊಸ ಟ್ವೆಂಟಿ-ನೈನರಿನ ಬೆಲೆಯು ಒಂದು ಮೋಟಾರು ಕಾರಿನ ಬೆಲೆಗೆ ಸಮೀಪಿಸುವುದೆಂಬುದನ್ನೂ ಗೃಹಸ್ಥರು ಮೊದಲೇ ತಿಳಿದಿರಲಿ.

ಯಾವುದರಿಂದ ಮಾಡಿದ್ದು?

ಪ್ಲೈವುಡ್ಡಿನ ದೋಣಿ ಅಂದವಾದದ್ದು, ಹಗುರವಾದದ್ದು. ಆದರೆ ನಮ್ಮ ಮಳೆಗಾಲದ ತೇವವನ್ನು ಬಲ್ಲವರು ಅದರ ಶುಶ್ರೂಷೆಗೆ ಅಂಜದೆ ಇರಲಾರರು. ಬಣ್ಣ ಬಿರಿದ ಒಂದು ಸಂದಿನಲ್ಲಿ ನೀರು ನಿಂತರೆ ಮರವು ಒಳಗಿಂದೊಳಗೆ ಕೊಳೆಯತೊಡಗುತ್ತದೆ. ಎರಕದ ಪ್ಲಾಸ್ಟಿಕ್ಕಿನ ದೋಣಿಯು ಪೆಟ್ಟನ್ನು ತಾಳುತ್ತದೆ. ಆದರೆ ಒಮ್ಮೆ ಬಿರುಕುಬಿಟ್ಟರೆ ಅದಕ್ಕೆ ಸಾಮಾನ್ಯವಾದ ಅಂಟು ಹಿಡಿಯುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ಮರದ ತುಂಡುಗಳ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಒಡಲು ಒಳಕ್ಕೆ ಬಾಗುವುದೂ ಉಂಟು. ಫೈಬರ್ ಗ್ಲಾಸಿನ ದೋಣಿಯು ಈ ಎರಡರ ನಡುವಿನದು. ಮಂಗಳೂರು, ಮಲ್ಪೆಗಳ ಮೀನುಗಾರರು ಫೈಬರ್ ದೋಣಿಗಳನ್ನೇ ಬಳಸುವುದರಿಂದ ಅದನ್ನು ಸರಿಪಡಿಸಬಲ್ಲ ಕೈಗಳು ನಮ್ಮ ಕರಾವಳಿಯಲ್ಲಿಯೇ ಇವೆ. ಇದು ಸಣ್ಣ ಅನುಕೂಲವಲ್ಲ.

ದೋಣಿಯು ಅಡ್ಡಕ್ಕೆ ಜಾರದಂತೆ ಒಡಲಿನ ನಡುವಿನಿಂದ ನೀರಿಗಿಳಿಸುವ ಹಲಗೆಯನ್ನೂ ನೋಡಬೇಕು. ಕೆಲವು ದೋಣಿಗಳಲ್ಲಿ ಇದನ್ನು ಕತ್ತಿಯಂತೆ ನೆಟ್ಟಗೆ ಇಳಿಸುವುದು. ಎಂಟರ್‌ಪ್ರೈಸ್, ಫೋರ್-ಟ್ವೆಂಟಿಗಳಲ್ಲಿ ಇದು ಒಂದು ಮೊಳೆಯ ಮೇಲೆ ತಿರುಗಿ ಮೇಲಕ್ಕೆ ಮಡಿಚಿಕೊಳ್ಳುವುದು. ನೆಟ್ಟಗಿನ ಹಲಗೆಯು ಮರಳಿನ ದಿಣ್ಣೆಗೆ ತಗುಲಿದರೆ ದೋಣಿಯೇ ಗಕ್ಕನೆ ನಿಲ್ಲುತ್ತದೆ. ಮಡಿಚುವ ಹಲಗೆಯು ತಾನಾಗಿ ಮೇಲೆದ್ದು ದಾರಿ ಬಿಡುತ್ತದೆ. ಅಳಿವೆಯ ನೀರಿನಲ್ಲಿ ಆಡುವವರು ಇದನ್ನು ಮರೆಯಬಾರದು.

ಹಳೆಯ ದೋಣಿಯನ್ನು ಕೊಳ್ಳುವಾಗ

ಮೊದಲ ದೋಣಿಯು ಹಳೆಯದಾಗಿದ್ದರೆ ಲೇಸು. ಕೊಳ್ಳುವ ಮೊದಲು ಅದನ್ನು ತೂಗಿಸಿರಿ. ವರ್ಗದ ತೂಕಕ್ಕಿಂತ ಹೆಚ್ಚು ಬಂದರೆ ಒಡಲಿನೊಳಗೆ ನೀರು ಇಂಗಿದೆಯೆಂದು ಶಂಕಿಸಬೇಕು. ಅಂಗೈಯಿಂದ ಮೇಲ್ಭಾಗವನ್ನೆಲ್ಲ ಒತ್ತಿನೋಡಿರಿ. ಮೆತ್ತಗಾದ ಸ್ಥಳವು ರೋಗದ ಗುರುತು. ದೋಣಿಯು ಮಗುಚಿದರೂ ಮುಳುಗದಂತೆ ಕಾಯುವ ಗಾಳಿಯ ಕೋಣೆಗಳ ಮುಚ್ಚಳಗಳು ಬಿಗಿಯಾಗಿರಬೇಕು. ಹಾಯಿಮರದ ಬುಡದ ತುಕ್ಕನ್ನೂ, ಅದನ್ನು ಹಿಡಿದಿರುವ ತಂತಿಗಳಲ್ಲಿ ಕಡಿದ ಎಳೆಗಳನ್ನೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಸವರಿ ನೋಡಬೇಕು. ವರ್ಗದ ಅಳತೆಯ ಪತ್ರವನ್ನು ಕೇಳಿ ಪಡೆಯಬೇಕು. ಅದಿಲ್ಲದ ದೋಣಿಗೆ ದೊಡ್ಡ ಪಂದ್ಯಗಳಲ್ಲಿ ಪ್ರವೇಶ ದೊರೆಯದು. ದೋಣಿಯ ಬೆಲೆಯೊಂದನ್ನೇ ಎಣಿಸದೆ, ದಡದವರೆಗೆ ತಳ್ಳುವ ಗಾಡಿ, ಹೊದಿಕೆ, ಹೊಸ ಹಾಯಿ, ತೇಲುಕವಚ, ಕ್ಲಬ್ಬಿನ ಚಂದಾ ಇವೆಲ್ಲವನ್ನೂ ಕೂಡಿಸಿ ಲೆಕ್ಕಮಾಡಬೇಕು.

ಮಗುಚಿದಾಗ

ತಾಯಂದಿರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆಯನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೇವೆ. ದೋಣಿ ಮಗುಚಿದರೆ? ಮಗುಚ್ಚುವುದೇನೂ ಅಪಘಾತವಲ್ಲ, ಪಂದ್ಯದ ದೋಣಿಯು ಮಗುಚಿಯೇ ತೀರುತ್ತದೆ. ಆದುದರಿಂದ ಮಗುಚಿದ ದೋಣಿಯನ್ನು ಎತ್ತುವುದು ಮಕ್ಕಳ ಮೊದಲ ಪಾಠವಾಗಿರತಕ್ಕದ್ದು. ದೋಣಿಯು ಪಕ್ಕಕ್ಕೆ ಬಿದ್ದು ಹಾಯಿಯು ನೀರಿನ ಮೇಲೆ ಮಲಗಿದೊಡನೆ ಇಬ್ಬರೂ ಒಬ್ಬರನ್ನೊಬ್ಬರು ಕೂಗಿ ಕ್ಷೇಮವನ್ನು ತಿಳಿಯಬೇಕು. ಬಳಿಕ ಹಾಯಿಗಳ ಹಗ್ಗಗಳನ್ನು ಸಡಿಲಿಸಿ, ಒಬ್ಬನು ದೋಣಿಯ ಹಿಂಬದಿಯಿಂದ ಸುತ್ತಿ ಹೋಗಿ ನಡುವಿನ ಹಲಗೆಯ ಮೇಲೆ ಭಾರ ಹಾಕಬೇಕು. ಇನ್ನೊಬ್ಬನು ಒಳಬದಿಯಲ್ಲಿ ತೇಲುತ್ತ ಜಿಬ್ಬಿನ ಹಗ್ಗವನ್ನು ಆತನ ಕಡೆಗೆ ಎಸೆದು, ಕಾಲಪಟ್ಟಿಯನ್ನು ಹಿಡಿದುಕೊಂಡಿರಬೇಕು. ದೋಣಿ ಏಳುತ್ತಿದ್ದಂತೆ ಒಳಗಿನವನನ್ನು ಅದೇ ಮೊಗೆದುಕೊಳ್ಳುತ್ತದೆ; ಅವನು ಹೊರಗಿನವನನ್ನು ಎಳೆದುಕೊಳ್ಳುತ್ತಾನೆ. ದೋಣಿಯನ್ನು ಬಿಟ್ಟು ದಡಕ್ಕೆ ಈಜುವೆನೆಂಬ ಸಾಹಸವನ್ನು ಎಂದಿಗೂ ಮಾಡಬಾರದು. ತೇಲುವ ದೋಣಿಯು ದೂರಕ್ಕೆ ಕಾಣಿಸುತ್ತದೆ, ಈಜುವ ತಲೆಯು ಕಾಣಿಸುವುದಿಲ್ಲ.

ಇದರಿಂದ ಆಯ್ಕೆಯ ಕೊನೆಯ ಪರೀಕ್ಷೆಯೂ ದೊರೆಯಿತು. ಹಿರಿಯರ ನೆರವಿಲ್ಲದೆ ಆ ಇಬ್ಬರು ಮಕ್ಕಳೇ ಯಾವ ದೋಣಿಯನ್ನು ಮಗುಚಿ ಎತ್ತಬಲ್ಲರೋ ಅದೇ ಅವರ ದೋಣಿ. ಎತ್ತಲಾರದ ದೋಣಿಯು ಎಷ್ಟೇ ವೇಗದ್ದಾಗಿರಲಿ, ಎಷ್ಟೇ ಅಗ್ಗಕ್ಕೆ ಬರಲಿ, ಅವರದಲ್ಲ. ಈಜು ಬಂದರೂ ಸರಿಯೇ, ಮೈಗೆ ಸರಿಯಾದ ಅಳತೆಯ ತೇಲುಕವಚವಿಲ್ಲದೆ ನೀರಿಗಿಳಿಯಬಾರದು. ಯಂತ್ರದ ಕಾವಲುದೋಣಿಯೊಂದು ಕಣ್ಣಳತೆಯಲ್ಲಿ ಇಲ್ಲದ ದಿನ ಹಾಯಿ ಕಟ್ಟಬಾರದು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟೆ. ಈ ಬೇಸಗೆಯಲ್ಲಿ ಮಕ್ಕಳಿಗೆ ಈಜನ್ನು ಕಲಿಸಿರಿ. ಮುಂದಿನ ರಜೆಯಲ್ಲಿ ಕ್ಲಬ್ಬಿನ ಇಲ್ಲವೆ ಎನ್. ಸಿ. ಸಿ.ಯ ದೋಣಿಯಲ್ಲಿ, ಬಲ್ಲವರ ಕೈಕೆಳಗೆ ಪಳಗಿಸಿರಿ. ಒಂದು ವರ್ಷ ಕಳೆದರೂ ಉತ್ಸಾಹವು ಉಳಿದಿದ್ದರೆ, ಜೋಡಿಯೂ ಮುರಿಯದಿದ್ದರೆ, ಆಗ ತಕ್ಕಡಿಯ ಮೇಲೆ ಇಬ್ಬರನ್ನೂ ನಿಲ್ಲಿಸಿ, ಅವರು ಆಡುವ ನೀರಿನಲ್ಲಿ ಯಾವ ವರ್ಗದ ಗುಂಪಿದೆಯೆಂದು ಕೇಳಿ, ಹಳೆಯದೊಂದನ್ನು ನೋಡಿ ಕೊಳ್ಳಿರಿ. ನೀರಿನಿಂದ ದೂರವಿರಿಸಿ ಬೆಳೆಸಿದ ಮಗುವು ನೀರನ್ನು ಎದುರಿಸಬೇಕಾದ ದಿನ ನಿರಾಯುಧನಾಗಿರುತ್ತದೆ. ನೀರಿನ ಗುಣವನ್ನೂ ಗಾಳಿಯ ಗುಣವನ್ನೂ ಜೊತೆಗಾರನ ಗುಣವನ್ನೂ ಅರಿತು ಬೆಳೆದ ಮಗುವಿಗೆ ಆ ಹೆದರಿಕೆಯಿಲ್ಲ. ದೋಣಿಗಳನ್ನು ಕಂಡು ಬಾಳಿದ ನೇತ್ರಾವತಿಯ ತೀರದ ಮನೆಗಳಿಗೆ ಇದು ಹೊಸ ವಿದ್ಯೆಯಲ್ಲ, ಮರೆತ ವಿದ್ಯೆ.